ಎರಡು ಮನೆಗೆ ಒಂದೇ ಗೋಡೆ

ಬೆಳಕು ಇನ್ನೂ ಬೀದಿಗೆ ಪೂರ್ತಿ ಇಳಿದಿಲ್ಲ. ಹಳೆಯ ಬಡಾವಣೆಯ ಇಕ್ಕಟ್ಟಾದ ರಸ್ತೆಯಲ್ಲಿ ಹತ್ತಾರು ಮನೆ ಬ್ರೋಕರುಗಳು ತುಟಿ ಪಿಟಕ್ಕೆನ್ನದೆ ನಿಂತಿದ್ದಾರೆ. ಮಾತನ್ನೇ ಉಂಡು ಬದುಕುವ ಜನ ಹೀಗೆ ಬಾಯಿಗೆ ಬೀಗ ಹಾಕಿಕೊಂಡದ್ದನ್ನು ನಾನು ನೋಡುತ್ತಿರುವುದು ಇದೇ ಮೊದಲು. ಅವರೆದುರು, ಮಾಸಲು ಸ್ವೆಟರ್ ತೊಟ್ಟ ಹೆಂಗಸೊಬ್ಬರು ಗೋಡೆಗೆ ಅಂಗೈ ಒತ್ತಿ ನಿಂತಿದ್ದಾರೆ. ಪಕ್ಕದಲ್ಲಿ ಅವರ ತಮ್ಮ, ಕೈಯಲ್ಲಿ ನೀರು ತುಂಬಿದ ಬಕೆಟ್.

ಅಕ್ಕ ತಲೆಯಾಡಿಸುತ್ತಾರೆ. ತಮ್ಮ ಒಂದು ಮಗ್ ನೀರನ್ನು ಗೋಡೆಗೆ ಎರಚುತ್ತಾರೆ. ಗೋಡೆಯ ಒಂದು ಭಾಗ ನೀರನ್ನು ಕುಡಿದು ಸುಮ್ಮನಾಗುತ್ತದೆ. ಇನ್ನೊಂದು ಭಾಗದಲ್ಲಿ ನೀರು ಜಾರಿ ಎಲ್ಲರ ಚಪ್ಪಲಿಯವರೆಗೂ ಹರಿದು ಬರುತ್ತದೆ.

“ಕುಡೀತಲ್ಲ, ಅದು ಸುಣ್ಣದ ಗಾರೆ. ಕುಡಿದದ್ದನ್ನ ಬಿಸಿಲು ಬಂದ ಮೇಲೆ ವಾಪಸ್ ಬಿಡುತ್ತೆ. ಈ ಕಡೆ ಸಿಮೆಂಟ್ ಮೆತ್ತಿದ್ದಾರೆ. ಒಳಗೆ ಸೇರಿದ ತೇವ ಒಳಗೇ ಕೊಳೆಯುತ್ತೆ. ಮನೆ ತೋರಿಸೋ ಮುಂಚೆ ಚೆನ್ನಾಗಿ ಕಾಣ್ಲಿ ಅಂತ ಬಳಿಸ್ತೀರಲ್ಲ, ಇದೇ ಅದು” ಎನ್ನುತ್ತಾರೆ ಅಕ್ಕ.

ಬ್ರೋಕರುಗಳ ಬಾಯಲ್ಲಿ ಇವರು ‘ಗೋಡೆ ಮೇಡಂ’. ಲೈಸೆನ್ಸ್ ನವೀಕರಿಸಿಕೊಳ್ಳಬೇಕಾದರೆ ಬ್ರೋಕರುಗಳು ಆಗಾಗ ಕೆಲವು ಗಂಟೆ ಪಾಠ ಕೇಳಲೇಬೇಕೆಂಬ ನಿಯಮವಿದೆ. ಕಾನೂನಿನ ಪಾಠ, ತೆರಿಗೆಯ ಪಾಠಗಳ ನಡುವೆ ಹಳೆಯ ಮನೆಗಳ ಪಾಠವೂ ಒಂದು. ಅದನ್ನು ಹೇಳಿಕೊಡುವವರು ಇವರೊಬ್ಬರೇ. ಮುಚ್ಚಿಹೋದ ಒಂದು ಅಚ್ಚುಕೂಟದ ಮೇಲಿನ ಕೋಣೆಯೇ ತರಗತಿ. ಬೆಂಚುಗಳ ಕಾಲು ಅಲುಗಾಡುತ್ತವೆ, ಫ್ಯಾನು ತಿರುಗುವುದಕ್ಕಿಂತ ಗೊಣಗುವುದೇ ಹೆಚ್ಚು. ಅರ್ಧ ಪಾಠ ಅಲ್ಲಿ, ಉಳಿದರ್ಧ ಹೀಗೆ ನಸುಕಿನಲ್ಲಿ, ಬೀದಿಯಲ್ಲಿ. ಸೂರ್ಯ ಮೇಲೇರಿದ ಮೇಲೆ ಎಲ್ಲ ಗೋಡೆಗಳೂ ಸುಂದರಿಯರೇ. ಓರೆಬಿಸಿಲು ಬಿದ್ದಾಗ ಮಾತ್ರ ಉಬ್ಬು, ಬಿರುಕು, ಮುಚ್ಚಿದ ಕಿಟಕಿ ಎಲ್ಲ ಎದ್ದು ಕಾಣುತ್ತವಂತೆ.

ವರ್ಷಕ್ಕೆ ಕೆಲವು ನೂರು ಜನ ಇವರ ಕೈಕೆಳಗೆ ಕಲಿತು ಹೋಗುತ್ತಾರೆ. ಹೆಚ್ಚಿನವರು ಬರುವುದು ಹಾಜರಿಯ ಸಹಿಗಾಗಿ. ಅದು ಅಕ್ಕನಿಗೂ ಗೊತ್ತು. “ಸಹಿಗೇ ಬರ್ಲಿ ಬಿಡಿ. ಹೋಗೋವಾಗ ಒಬ್ಬಿಬ್ಬರಾದ್ರೂ ಗೋಡೆ ಮುಟ್ಟಿ ನೋಡ್ಕೊಂಡು ಹೋಗ್ತಾರೆ” ಎಂದು ನಗುತ್ತಾರೆ. ತಮ್ಮನನ್ನು ಎಲ್ಲರೂ ಕರೆಯುವುದು ‘ಬಕೆಟ್ ಅಣ್ಣ’ ಎಂದು. ಬಕೆಟ್ ಹಿಡಿಯುವುದಕ್ಕೆ ನಮ್ಮ ಜನ ಕೊಟ್ಟಿರುವ ಅರ್ಥವೇ ಬೇರೆ. ಈ ಅಣ್ಣ ಮಾತ್ರ ಯಾರನ್ನೂ ಹೊಗಳಿದವರಲ್ಲ. ಹೊಗಳುವುದಿರಲಿ, ತರಗತಿಯಲ್ಲಿ ಅವರು ಬಾಯಿ ತೆರೆದದ್ದನ್ನೇ ಯಾರೂ ಕಂಡಿಲ್ಲ.

ಯಾಕೆಂದು ಅಕ್ಕ, ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳಿದ್ದು ಹಿಂದಿನ ಸಂಜೆ, ಇಬ್ಬರೂ ಇರುವ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಟೀ ಲೋಟ ಕೈಗಿಡುತ್ತಾ. ಪಾತ್ರೆ ತೊಳೆಯುತ್ತಿದ್ದ ತಮ್ಮನಿಗೂ ಅದು ಕೇಳುತ್ತಿತ್ತು.

ಇವರಿಬ್ಬರೂ ಹುಟ್ಟಿ ಬೆಳೆದದ್ದು ಇದೇ ಬೀದಿಯಲ್ಲಿ. ಇಲ್ಲಿನ ಮನೆಗಳು ಭುಜಕ್ಕೆ ಭುಜ ಕೊಟ್ಟು ನಿಂತಂಥವು. ಅಕ್ಕಪಕ್ಕದ ಎರಡು ಮನೆಗೆ ಒಂದೇ ನಡುಗೋಡೆ. ಎರಡೂ ಕಡೆಯ ತೊಲೆಗಳು ಅದರ ಮೇಲೇ ಕೂತಿರುತ್ತವೆ. ತಮ್ಮ ಆಗ ಹೊಸ ಬ್ರೋಕರ್. ಪಕ್ಕದ ಮನೆ ಮಾರಾಟಕ್ಕೆ ಬಂತು. ಎಲ್ಲ ಬ್ರೋಕರುಗಳಂತೆ ಅವರೂ ಬೀದಿಯಲ್ಲಿ ನಿಂತು, ಮುಂಭಾಗದ ಬಣ್ಣ ಎಲ್ಲಿ ಬದಲಾಗುತ್ತದೋ ಅಲ್ಲಿಯವರೆಗೆ ಟೇಪ್ ಹಿಡಿದರು. ಪಕ್ಕದವರು ನಡುಗೋಡೆಯ ಅಂಚಿಗೂ ತಮ್ಮ ಬಣ್ಣವನ್ನೇ ಬಳಿಸಿದ್ದರು. ಕೊಂಡವನು ಗೋಡೆ ಪೂರ್ತಿ ತನ್ನದೆಂದು ನಂಬಿ ಕೆಡವಿಸಿದ. ತೊಲೆಗಳ ಜೊತೆ ಇವರ ಮನೆಯ ಅರ್ಧ ಸೂರು ಕುಸಿಯಿತು. ಅಮ್ಮ ಒಳಗಿದ್ದರು. ಜೀವ ಉಳಿಯಿತು, ಮತ್ತೆ ಎದ್ದು ನಡೆಯಲಿಲ್ಲ. ಕೊನೆಯವರೆಗೂ ಮಗನನ್ನು ಒಂದು ಮಾತು ಅನ್ನಲಿಲ್ಲ.

“ಅದೇ ಅವನಿಗೆ ಜಾಸ್ತಿ ಆಯ್ತು. ಅಮ್ಮ ಬೈದಿದ್ರೆ ಅತ್ತು ಹಗುರ ಆಗ್ತಿದ್ದ” ಎಂದರು ಅಕ್ಕ.

ತಮ್ಮ ಬ್ರೋಕರ್ ಕೆಲಸ ಬಿಟ್ಟರು. ಅಕ್ಕ ಬ್ರೋಕರುಗಳಿಗೆ ಪಾಠ ಹೇಳಲು ಹೊರಟರು. ತರಗತಿಯಲ್ಲಿ ಈ ಕತೆಯನ್ನು ‘ಒಬ್ಬ ಬ್ರೋಕರ್’ ಎಂದೇ ಹೇಳುತ್ತಾರೆ. ಆ ಬ್ರೋಕರ್ ಬಕೆಟ್ ಹಿಡಿದು ಅಲ್ಲೇ ನಿಂತಿರುತ್ತಾರೆಂದು ಯಾರಿಗೂ ತಿಳಿಯದು. ಯಾಕೆ ಹೇಳುವುದಿಲ್ಲವೆಂದು ಕೇಳಿದೆ. ಅದು ಅವನ ಮಾತು, ಅವನೇ ಆಡಬೇಕು ಎಂದರು. ಒಳಗೆ ಪಾತ್ರೆಯ ಸದ್ದು ನಿಂತಿತ್ತು.

ಇವತ್ತಿನ ಪಾಠಕ್ಕೆ ಬಂದವರಲ್ಲಿ ಕರಿ ಕನ್ನಡಕದ ಬ್ರೋಕರೊಬ್ಬನಿದ್ದಾನೆ. ನಸುಕಿನಲ್ಲೂ ಕನ್ನಡಕ ತೆಗೆದಿಲ್ಲ. ಈ ಬೀದಿಯ ಮೂಲೆ ಮನೆ ಅವನ ಕೈಯಲ್ಲಿದೆ. ಕೊಳ್ಳುವವನೂ ಸಿಕ್ಕಿದ್ದಾನೆ. ಈ ವಾರವೇ ಕರಾರು, ಆಮೇಲೆ ಮನೆ ನೆಲಸಮ. ಮೂಲೆ ಮನೆಯ ನಡುಗೋಡೆಯ ಆಚೆ ಬದಿಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ ಇದ್ದಾರೆ. ಅವರ ಹೊಲಿಗೆ ಯಂತ್ರ ಆ ಗೋಡೆಗೇ ಒತ್ತಿಕೊಂಡಿದೆ. ಯಂತ್ರದ ಸದ್ದು ಈಗಲೂ ಬೀದಿಗೆ ಕೇಳುತ್ತಿದೆ.

ಎಲ್ಲರೂ ಖಾಲಿ ಜಾಗವೊಂದರ ಮುಂದೆ ಬಂದು ನಿಲ್ಲುತ್ತಾರೆ. ಅದೇ ಆ ಎರಡು ಮನೆಗಳಿದ್ದ ಜಾಗ. ಇನ್ನೂ ನಿಂತಿರುವ ಪಕ್ಕದ ಮನೆಯ ಗೋಡೆಯಲ್ಲಿ ತೊಲೆ ಕೂತಿದ್ದ ಗೂಡುಗಳು ಸಾಲಾಗಿ ಬಾಯಿ ತೆರೆದುಕೊಂಡಿವೆ. ಅಕ್ಕ ‘ಒಬ್ಬ ಬ್ರೋಕರ್’ನ ಕತೆ ಹೇಳುತ್ತಾರೆ. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬಣ್ಣ ನಂಬಬೇಡಿ, ತೊಲೆ ನೋಡಿ” ಎಂದು ಮುಗಿಸುತ್ತಾರೆ.

ಕರಿ ಕನ್ನಡಕದವನಿಗೆ ಇದು ರುಚಿಸುವುದಿಲ್ಲ. ಟೇಪ್ ಹಿಡಿದವನ ತಪ್ಪೇನಿದೆ, ಕೆಡವಿದವನು ನೋಡಿಕೊಳ್ಳಬೇಕಿತ್ತು, ಆ ಬ್ರೋಕರ್ ಈಗ ಎಲ್ಲೋ ಹಾಯಾಗಿ ಇರುತ್ತಾನೆ ಬಿಡಿ ಎನ್ನುತ್ತಾನೆ. ಒಬ್ಬಿಬ್ಬರು ನಗುತ್ತಾರೆ.

ಬಕೆಟ್ ನೆಲಕ್ಕಿಟ್ಟ ಸದ್ದಾಗುತ್ತದೆ.

“ಆ ಬ್ರೋಕರ್ ನಾನೇ” ಎನ್ನುತ್ತಾರೆ ತಮ್ಮ. “ಆ ಗೋಡೆಗೆ ಒರಗಿಕೊಂಡೇ ಬೆಳೆದೋನು ನಾನು. ಆದ್ರೂ ಬಣ್ಣ ನೋಡಿ ಟೇಪ್ ಹಿಡಿದೆ. ಒಳಗೆ ನಮ್ಮಮ್ಮ ಇದ್ರು.”

ಯಾರೂ ನಗುವುದಿಲ್ಲ. ಅಕ್ಕ ತಮ್ಮನ ಕಡೆ ನೋಡದೆ ಗೂಡುಗಳನ್ನೇ ದಿಟ್ಟಿಸುತ್ತಾ ನಿಂತಿದ್ದಾರೆ. ಸ್ವೆಟರಿನ ತೋಳು ಎರಡು ಸಲ ಕಣ್ಣಿಗೆ ಹೋಗುತ್ತದೆ. ಕರಿ ಕನ್ನಡಕದವನು ಕನ್ನಡಕ ತೆಗೆದು ಜೇಬಿಗಿಡುತ್ತಾನೆ. ಇದನ್ನು ಬರೆಯಬಹುದೇ ಎಂದು ಆಮೇಲೆ ತಮ್ಮನನ್ನು ಕೇಳಿದಾಗ, ಇಷ್ಟು ಜನರ ಮುಂದೆ ಹೇಳಿದ ಮೇಲೆ ಇನ್ನೇನು, ಬರೀರಿ ಎಂದರು.

ಮರುದಿನ ನಸುಕಿನಲ್ಲಿ ಕರಿ ಕನ್ನಡಕದ ಬ್ರೋಕರ್ ಮೂಲೆ ಮನೆಗೆ ಕೊಳ್ಳುವವನನ್ನು ಕರೆದುಕೊಂಡು ಬಂದಿದ್ದಾನೆ. ಟೇಪನ್ನು ತಾನಾಗಿಯೇ ತಮ್ಮನ ಕೈಗೆ ಕೊಡುತ್ತಾನೆ. ಇವತ್ತು ಬಕೆಟ್ ಅಕ್ಕನ ಕೈಯಲ್ಲಿ. ತಮ್ಮ ಎಲ್ಲರನ್ನೂ ಒಳಗೆ ಕರೆದೊಯ್ದು ಗೋಡೆಗೆ ಇಳಿದ ತೊಲೆಗಳನ್ನು ತೋರಿಸುತ್ತಾರೆ. ಆಚೆ ಕಡೆಯ ತೊಲೆಗಳೂ ಇದರ ಮೇಲೇ ಇವೆ, ಈ ಗೋಡೆ ಮುಟ್ಟುವ ಹಾಗಿಲ್ಲ ಎಂದು ವಿವರಿಸುತ್ತಾರೆ. ಹೊರಗೆ ಬಂದು, ಬಣ್ಣದ ಗೆರೆಯನ್ನು ಬಿಟ್ಟು ಗೋಡೆಯ ನಡುಮಧ್ಯಕ್ಕೆ ಟೇಪಿನ ತುದಿ ಇಡುತ್ತಾರೆ.

ಕೊಳ್ಳುವವನಿಗೆ ಅಂಥ ಗೋಡೆ ಬೇಡ. ಕಾರು ಹತ್ತಿ ಹೋಗಿಬಿಡುತ್ತಾನೆ. “ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ” ಎಂದು ಬ್ರೋಕರ್ ಗೊಣಗುತ್ತಾನೆ. ಆದರೂ ಮಾರಾಟದ ಹಲಗೆಯನ್ನು ಕೆಳಗಿಳಿಸಿ, ಪೆನ್ನು ತೆಗೆದು, ಬಲಗಡೆಯ ಗೋಡೆ ಎರಡೂ ಮನೆಗೆ ಸೇರಿದ್ದು ಎಂದು ಬರೆದು ಮತ್ತೆ ತೂಗುಹಾಕುತ್ತಾನೆ.

ಮುಂದೆ ತಮ್ಮನೇ ಪಾಠ ಹೇಳಬೇಕು, ತಾನು ಬಕೆಟ್ ಹಿಡಿಯಬೇಕು ಎಂಬುದೊಂದೇ ಅಕ್ಕನ ಆಸೆ. ಅದನ್ನು ಅವರು ಹೇಳುತ್ತಿರುವಾಗಲೇ ಪಕ್ಕದ ಬಾಗಿಲು ತೆರೆಯುತ್ತದೆ. ಟೈಲರಮ್ಮ ಪೊರಕೆ ಹಿಡಿದು ಮೆಟ್ಟಿಲಿಗೆ ಬರುತ್ತಾರೆ. ಇಷ್ಟು ಬೆಳಿಗ್ಗೆ ಏನು ಅಳೆಯುತ್ತಿದ್ದೀರಿ ಎಂದು ಕೇಳುತ್ತಾರೆ. ಏನಿಲ್ಲ, ಪಾಠ ಎನ್ನುತ್ತಾರೆ ತಮ್ಮ. ಟೈಲರಮ್ಮ ಮೆಟ್ಟಿಲು ಗುಡಿಸಿ ಒಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರ ಶುರುವಾಗುತ್ತದೆ.

ಅಕ್ಕ ಗೋಡೆಗೆ ಅಂಗೈ ಇಟ್ಟು ಆ ಸದ್ದು ಕೇಳುತ್ತಾರೆ. “ನಮ್ಮ ಕೆಲಸ ಸರಿಯಾಗಿ ಆಯ್ತು ಅಂದ್ರೆ ಹೀಗೇ” ಎನ್ನುತ್ತಾರೆ. “ಒಳಗಿರೋರಿಗೆ ಗೊತ್ತೇ ಆಗೋದಿಲ್ಲ.”