ಗುಡ್ಡ ಸರಿ ಮಾಡಿದ್ದು

ತಪ್ಪು ಕಂಡರೆ ಸುಮ್ಮನಿರಲು ಬಾರದ ಜನ್ಮ ನನ್ನದು. ಮದುವೆ ಮನೆಯ ಬೋರ್ಡಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ ನನಗೆ ಊಟ ಸೇರುವುದಿಲ್ಲ. ಶಿರಸಿಯಲ್ಲಿ ಕೂತು ರಸ್ತೆ ಗುತ್ತಿಗೆದಾರರಿಗೆ ನಕ್ಷೆ ಮಾಡಿಕೊಡುವ ಕೆಲಸಕ್ಕೆ ಈ ಸ್ವಭಾವ ಒಳ್ಳೆಯದೇ. ಮನುಷ್ಯರ ಜೊತೆ ಬಾಳಲು ಅಷ್ಟು ಒಳ್ಳೆಯದಲ್ಲ ಎಂದು ನನ್ನ ಅಕ್ಕ ಹೇಳುತ್ತಿದ್ದಳು. ಅವಳು ಹೇಳಿದಾಗೆಲ್ಲ ನಗುತ್ತಿದ್ದೆ.

ಅಕ್ಕನನ್ನು ಯಲ್ಲಾಪುರದ ಕಡೆ ಕೊಟ್ಟಿತ್ತು. ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ಬೆಳಿಗ್ಗೆ, ಅವಳ ಮನೆಯ ಹಿಂದಿನ ಗುಡ್ಡ ಜರಿದು ಬಂತು. ಮನೆ, ಕೊಟ್ಟಿಗೆ, ಎರಡು ಎಮ್ಮೆ, ಅಕ್ಕ, ಎಲ್ಲ ಮಣ್ಣಿನಡಿಗೆ ಹೋಯಿತು. ಭಾವ ಆ ಹೊತ್ತಿಗೆ ಶಿರಸಿಯಲ್ಲಿದ್ದ. ಮಿಕ್ಸಿ ರಿಪೇರಿ ಮಾಡಿಸಿಕೊಂಡು ಬಾ ಎಂದು ಅಕ್ಕನೇ ಕಳಿಸಿದ್ದಳು. ಯಂತ್ರ ತರಿಸಿ ದಿನಗಟ್ಟಲೆ ಅಗೆದರೂ ಅವಳು ಸಿಗಲಿಲ್ಲ.

ದೇಹ ಸಿಗದವರಿಗೆ ದರ್ಭೆಯಲ್ಲಿ ಆಳೆತ್ತರದ ಆಕೃತಿ ಮಾಡಿ, ಅದಕ್ಕೆ ಬೆಂಕಿ ಕೊಟ್ಟು ಕರ್ಮ ಮುಗಿಸುವುದು ನಮ್ಮಲ್ಲಿ ರೂಢಿ. ಭಾವ ಒಪ್ಪಲಿಲ್ಲ. “ಹುಲ್ಲು ಸುಟ್ಟು, ಅದು ಸತ್ತೋತು ಹೇಳಿ ಆನು ಹೇಳ್ತಿಲ್ಲೆ,” ಎಂದ. ಹೆಂಡತಿಯನ್ನು ‘ಅದು’ ಎನ್ನುವುದು ನಮ್ಮ ಮನೆಮಾತಿನ ಪ್ರೀತಿ. ಮಕ್ಕಳಿರಲಿಲ್ಲ, ಕರ್ಮಕ್ಕೆ ಅವನು ಕೂರದಿದ್ದರೆ ಕೂರುವವರಿಲ್ಲ. ನೆಂಟರು ಅವನಿಗೆ ಬುದ್ಧಿ ಹೇಳಲು ಬಂದರು. ನಾನು ಅವರಿಗೆ ಬಾಯಿಗೆ ಬಂದಂತೆ ಅಂದು, ಭಾವನನ್ನು ನನ್ನ ಬಾಡಿಗೆ ಮನೆಗೆ ಕರೆತಂದೆ. ರಿಪೇರಿಯಾದ ಮಿಕ್ಸಿಯೂ ಜೊತೆಗೆ ಬಂತು.

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ನಿಜವಾದ ವಿಮಾನದ ಹಾಗೇ ನಡೆಯುವ ಆಟ ಅದು. ಕೆಳಗೆ ಊರು, ಹೊಳೆ, ಬೆಟ್ಟ ಎಲ್ಲ ಕಾಣುತ್ತದೆ. ಭಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ನೋಡುತ್ತಿದ್ದ. ಒಂದು ಸಂಜೆ ಕೇಳಿದ: “ತಮಾ, ನಮ್ಮ ಬದಿಗೆ ಹೋಪಲೆ ಆಗ್ತಿಲ್ಯಾ?” ಎಷ್ಟೋ ತಿಂಗಳ ಮೇಲೆ ಅವನು ತಾನಾಗಿ ಆಡಿದ ಮೊದಲ ಮಾತು.

ಹೋಗಿ ನೋಡಿದರೆ ನಮ್ಮ ಸೀಮೆ ಅಲ್ಲಿ ಇರಲೇ ಇಲ್ಲ. ಹುಬ್ಬಳ್ಳಿಯಿಂದ ಏರಿ ಈಚೆ ಬಂದರೆ ಹಸಿರು ಬಳಿದ ಹಪ್ಪಳದಂಥ ನೆಲ, ಅಷ್ಟೇ. ಭಾವನ ಮುಖ ನೋಡಲಾಗಲಿಲ್ಲ. ನಾನೇ ಮಾಡುತ್ತೇನೆ ಎಂದೆ.

ನೆಲದ ಎತ್ತರದ ಲೆಕ್ಕ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಎಷ್ಟೋ ವರ್ಷ ಹಿಂದೆ ಆಕಾಶದಿಂದ ಅಳೆದಿಟ್ಟದ್ದು; ಮೂವತ್ತು ಮೀಟರಿಗೊಂದು ಚುಕ್ಕಿ, ಚುಕ್ಕಿಗೊಂದು ಎತ್ತರ. ರಂಗೋಲಿ ಎಳೆದ ಹಾಗೆ ಚುಕ್ಕಿ ಕೂಡಿಸಿದರೆ ನೆಲ ಏಳುತ್ತದೆ. ಕಡಿದಾದ ಕಣಿವೆಗಳಲ್ಲಿ ಅಳತೆಯಿಲ್ಲದೆ ತೂತು ಬಿದ್ದಿರುತ್ತದೆ, ಅದನ್ನು ಅಕ್ಕಪಕ್ಕ ನೋಡಿ ತುಂಬಬೇಕು. ಅಕ್ಕನೂ ನಾನೂ ಹುಟ್ಟಿದ ಕಾನಸೂರಿನ ಬದಿ ಮೊದಲು ಎದ್ದಿತು. ಆಮೇಲೆ ಶಿರಸಿ, ಕೊನೆಗೆ ಯಲ್ಲಾಪುರ. ರಸ್ತೆ ಎಳೆದೆ, ಕಾಡು ಹಬ್ಬಿಸಿದೆ. ಗುಡ್ಡದ ಬುಡದಲ್ಲಿ ಹೆಂಚಿನ ಮನೆಯೊಂದನ್ನು ಮಾಡಿ ಇಟ್ಟೆ. ಜಗಲಿ ಮೂಡಣಕ್ಕೆ ಬರಬೇಕು ಎಂದು ಭಾವ ನನ್ನಿಂದ ಅದನ್ನು ಎರಡು ಸಲ ತಿರುಗಿಸಿದ.

ಹಳೆಯ ಅಳತೆಯಲ್ಲವೇ, ಅದರಲ್ಲಿ ಗುಡ್ಡ ಇನ್ನೂ ಜರಿದಿರಲಿಲ್ಲ.

ಅಂದಿನಿಂದ ದಿನಾ ಸಂಜೆ ಚಾ ಕುಡಿದು ಭಾವ ಹೊರಡುತ್ತಿದ್ದ. ಮೊದಲು ಟೆಂಪೋ ಓಡಿಸುತ್ತಿದ್ದವನು. ಆಕಾಶದಲ್ಲೂ ರಸ್ತೆ ಬಿಡುತ್ತಿರಲಿಲ್ಲ, ಪ್ರತಿ ತಿರುವಿಗೂ ವಿಮಾನವನ್ನು ತಿರುಗಿಸುತ್ತಿದ್ದ. “ಭಾವಾ, ಇದು ವಿಮಾನ. ನೆಟ್ಟಗೆ ಹೋಗು ಮಾರಾಯ,” ಎಂದರೆ, “ದಾರಿ ತಪ್ಪಿರೆ ಮನೆ ಸಿಕ್ತಿಲ್ಲೆ,” ಎನ್ನುತ್ತಿದ್ದ. ಮನೆಯ ಮೇಲೆ ಎರಡು ಸುತ್ತು ಹಾಕಿ, ಗಡಿಯಾರ ನೋಡಿ, ಅಕ್ಕ ಈಗ ಎಲ್ಲಿರಬಹುದು ಎಂದು ಹೇಳುತ್ತಿದ್ದ: “ಈಗ ಕೊಟ್ಟಿಗೆಲಿ ಇಕ್ಕು ಅದು. ಹಾಲು ಕರೀತಾ ಇಕ್ಕು.” ಬಂದು ಎರಡು ತುತ್ತು ಹೆಚ್ಚೇ ಉಣ್ಣುತ್ತಿದ್ದ. ನನಗೂ ಅಷ್ಟು ಸಾಕಾಗಿತ್ತು. ಅಷ್ಟಕ್ಕೇ ಬಿಡಬೇಕಿತ್ತು.

ಮೊನ್ನೆ ಮಾರ್ಚಿನಲ್ಲಿ ಆ ಕಡೆಯ ರಸ್ತೆ ಬದಲಿಸುವ ಕೆಲಸದ ನಕ್ಷೆ ನನ್ನ ಕೈಗೆ ಬಂತು. ಜೊತೆಗೆ ಡ್ರೋನ್ ಹಾರಿಸಿ ಅಳೆದ ಹೊಸ ಲೆಕ್ಕ. ಗೇಣಿಗೊಂದು ಚುಕ್ಕಿ. ನೋಡುತ್ತಲೇ ನನ್ನೊಳಗಿನ ನಕ್ಷೆಯವನು ಎದ್ದು ಕೂತ. ನನ್ನ ಯಲ್ಲಾಪುರ ಎಷ್ಟು ಒರಟಾಗಿದೆ ಎಂದು ನಾಚಿಕೆಯಾಯಿತು. ಮೂರು ದಿನ ಕೂತು ಹೊಸ ನೆಲವನ್ನು ಹಳೆಯದರ ನಡುವೆ ಕೂರಿಸಿದೆ. ಅಂಚು ಕಾಣದ ಹಾಗೆ ಬೆಸೆದೆ. ಆ ಅಂಚಿನ ಬಗ್ಗೆ ನನಗೆ ಎಂಥ ಹೆಮ್ಮೆ! ಅಕ್ಕನನ್ನು ನುಂಗಿದ ಜಾಗದ ಅಳತೆಯನ್ನೇ ಕೈಯಲ್ಲಿ ಹಿಡಿದಿದ್ದೇನೆ ಎಂಬುದು ಹೊಳೆಯಲೇ ಇಲ್ಲ ಎಂದರೆ ಯಾರು ನಂಬುತ್ತಾರೆ? ನಂಬದಿದ್ದರೆ ಬಿಡಿ. ಹೊಳೆಯಲಿಲ್ಲ.

“ಭಾವಾ, ಇವತ್ತು ನೋಡು, ಗುಡ್ಡ ಸರಿ ಮಾಡಿದ್ದೆ,” ಎಂದೆ.

ಅವನು ರಸ್ತೆ ಹಿಡಿದೇ ಹೋದ. ಕೊನೆಯ ತಿರುವು ದಾಟಿದ. ಗುಡ್ಡ ಅರ್ಧವೇ ಇತ್ತು. ಉಳಿದರ್ಧದಲ್ಲಿ ಬುಡದವರೆಗೂ ಕೆಂಪು ಮಣ್ಣು, ಬುಡದಲ್ಲಿ ಅಕ್ಕನನ್ನು ಹುಡುಕಿ ಯಂತ್ರ ಅಗೆದ ಹೊಂಡ. ಮನೆಯನ್ನು ಹಳೆಯ ನೆಲದ ಎತ್ತರಕ್ಕೆ ಕೂರಿಸಿದ್ದೆ, ಅದನ್ನು ಇಳಿಸಲು ಮರೆತಿದ್ದೆ. ಹೊಂಡದ ಮೇಲೆ, ಗಾಳಿಯಲ್ಲಿ, ಜಗಲಿ ಮೂಡಣಕ್ಕೆ ಮಾಡಿಕೊಂಡು ಮನೆ ನಿಂತಿತ್ತು. ಅದರಡಿ ಏನೂ ಇರಲಿಲ್ಲ.

ಭಾವ ಸುತ್ತು ಹಾಕಲಿಲ್ಲ. ಗಡಿಯಾರ ನೋಡಲಿಲ್ಲ. ಕೈ ಬಿಟ್ಟ. ವಿಮಾನ ತನ್ನಷ್ಟಕ್ಕೆ ಮುಂದೆ ಹೋಗಿ ಎಲ್ಲೋ ಕಾಡಿಗೆ ಬಿತ್ತು.

“ಅರ್ಧ ಗಂಟೆ ಕೊಡು ಭಾವಾ, ಹಳೇ ಗುಡ್ಡ ತಿರುಗಿ ತರ್ತೆ,” ಎಂದೆ. ಹಳೆಯ ಫೈಲು ಹುಡುಕತೊಡಗಿದೆ.

“ಬ್ಯಾಡ ತಮಾ. ಕಂಡಾತು,” ಎಂದ. ಎದ್ದು ಒಳಗೆ ಹೋದ. ನನ್ನ ಮೇಲೆ ಸಿಟ್ಟು ಮಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಮಾಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಂದ: “ಭಟ್ರಿಗೆ ಹೇಳಿಕಳ್ಸು. ಆನು ಕೂರ್ತೆ.”

ಹನ್ನೊಂದು ದಿನದ ಮೇಲೆ ಹೊಳೆದಂಡೆಯಲ್ಲಿ ಕೂತೆವು. ಭಟ್ಟರು ದರ್ಭೆಯ ಕಟ್ಟು ಬಿಚ್ಚಿ, “ಅಕ್ಕ ಎಷ್ಟು ಎತ್ತರ ಇತ್ತು?” ಎಂದು ನನ್ನನ್ನು ಕೇಳಿದರು. ನೆಲದ ಎತ್ತರ ಅಳೆದೇ ಅನ್ನ ತಿನ್ನುವವನು ನಾನು. ಮೂರು ತಾಲೂಕಿನ ಗುಡ್ಡಗಳನ್ನು ಎಬ್ಬಿಸಿ ನಿಲ್ಲಿಸಿದವನು. ನನಗೆ ಗೊತ್ತೇ ಇರಲಿಲ್ಲ.

ಭಾವ ಎದ್ದು ನಿಂತ. ಅಂಗೈಯನ್ನು ಮಟ್ಟಸವಾಗಿ ಹಿಡಿದು ತನ್ನ ಹೆಗಲಿನ ಹತ್ತಿರ ತಂದ. ಸ್ವಲ್ಪ ಇಳಿಸಿದ. ಮತ್ತೆ ಕೂದಲೆಳೆಯಷ್ಟು ಏರಿಸಿದ.

“ಇಲ್ಲಿವರೆಗೆ ಬತ್ತಿತ್ತು,” ಎಂದ.

ಭಟ್ಟರು ಅಳತೆ ತೆಗೆದುಕೊಂಡು ದರ್ಭೆ ಕಟ್ಟತೊಡಗಿದರು. ಭಾವ ಆ ಕೈ ಇಳಿಸಲೇ ಇಲ್ಲ. ಕೊನೆಗೆ ನಾನೇ ಹಿಡಿದು ಇಳಿಸಿದೆ.