ಕಾಜಾ ಅಕ್ಕನ ಬಾಗಿಲು

ಕಾಜಾ ಅಕ್ಕನಿಗೆ ಒಂದು ಲೋಟ ಸಕ್ಕರೆ ಕೊಟ್ಟು ನೋಡಿ, ಸಂಜೆಯೊಳಗೆ ಅದು ಎರಡು ಲೋಟವಾಗಿ ಬರುತ್ತದೆ, ಜೊತೆಗೆ ನಿಮ್ಮ ಯಜಮಾನರ ಅಂಗಿಯ ಉದುರಿದ ಗುಂಡಿಯೂ ಕೂತಿರುತ್ತದೆ ಎಂದು ಆ ಮೂರಂತಸ್ತಿನ ಕಟ್ಟಡದವರು ನಗಾಡುತ್ತಿದ್ದರು.

ನಗೆಯಲ್ಲಿ ಸುಳ್ಳೇನೂ ಇರಲಿಲ್ಲ. ದರ್ಜಿ ಅಂಗಡಿಯಿಂದ ಬರುತ್ತಿದ್ದ ಅಂಗಿಗಳಿಗೆ ಕಾಜಾ, ಅಂದರೆ ಗುಂಡಿ ತೂರುವ ಸೀಳಿನ ಅಂಚು, ಹೊಲಿದುಕೊಟ್ಟೇ ಮೂವತ್ತು ವರ್ಷ ಬದುಕಿದ ಒಂಟಿ ಜೀವ ಅದು. ಈಸಿಕೊಂಡ ಕೈ ಯಾವಾಗಲೂ ಕೆಳಗಿರುತ್ತದೆ ಎಂದು ತಾಯಿ ಹೇಳಿದ ಮಾತನ್ನು ಗಂಟು ಕಟ್ಟಿಕೊಂಡು ಬಂದವಳು. ಯಾರು ಏನೇ ಕೊಡಲಿ, ಬಿಸಿ ಆರುವ ಮೊದಲೇ ತೀರಿಸಬೇಕು, ಅದೂ ಒಂದು ಕೈ ಮೇಲಾಗಿ.

ಬರಬರುತ್ತಾ ಬೆರಳ ಗೆಣ್ಣುಗಳು ಊದಿಕೊಂಡವು. ಸೂಜಿ ಕೈಯಲ್ಲಿ ನಿಲ್ಲದಾಯಿತು, ಅಂಗಡಿಯಿಂದ ಬರುತ್ತಿದ್ದ ಬಟ್ಟೆಯ ಗಂಟೂ ನಿಂತಿತು. ಎದುರು ಬಾಗಿಲಿನ ನರ್ಸಮ್ಮ ಆಸ್ಪತ್ರೆಯ ಪಾಳಿ ಮುಗಿಸಿ ಬಂದವಳು ಒಂದು ದಿನ ಡಬ್ಬಿಯಲ್ಲಿ ಬಿಸಿ ಊಟ ತಂದುಕೊಟ್ಟಳು. ಅಕ್ಕ ಉಂಡದ್ದು ಅರ್ಧ. ಉಳಿದರ್ಧ, ಇದನ್ನು ಹೇಗೆ ತೀರಿಸಲಿ ಎಂಬ ಚಿಂತೆಯಲ್ಲೇ ಆರಿತು. ಕೊನೆಗೆ ನರ್ಸಮ್ಮನ ಬಿಳಿ ಕೋಟಿನ ಅಂಚು ಬಿಚ್ಚಿದ್ದನ್ನು ಕಂಡು ಬಲವಂತವಾಗಿ ಕಸಿದುಕೊಂಡಳು. ಗಳಿಗೆಯ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ವಾಪಸ್ಸು ಬಂದ ಕೋಟಿನ ಅಂಚಿನುದ್ದಕ್ಕೂ ರಕ್ತದ ಚುಕ್ಕೆಗಳಿದ್ದವು.

ಅಂದಿನಿಂದ ಯಾರೂ ಏನೂ ತರಲಿಲ್ಲ. ಅಕ್ಕ ಒಳಗೆ ಕೂತು ಕಿವಿಗೊಡುತ್ತಿದ್ದಳು, ಒಂದೇ ಒಂದು ಸಲ ಯಾರಾದರೂ ತಟ್ಟಲಿ ಎಂದು. ಹೆಜ್ಜೆಗಳು ಬರುತ್ತಿದ್ದವು, ಬಾಗಿಲ ಮುಂದೆ ತುಸು ತಡೆಯುತ್ತಿದ್ದವು, ಮುಂದೆ ಹೋಗುತ್ತಿದ್ದವು. ಹಾಲು ಕರೆಯುವ ಹಸುವಿಗಷ್ಟೇ ಹಿಂಡಿ ಎಂದುಕೊಂಡಳು. ಆರು ತಿಂಗಳು ತಡೆದು ನೋಡಿ, ನಿನ್ನ ಮನೆಯಲ್ಲಿ ಒಂದು ಮೂಲೆ ಇದ್ದರೆ ಸಾಕಪ್ಪ ಎಂದು ತಮ್ಮನಿಗೆ ಫೋನು ಮಾಡಿದಳು. ಅಕ್ಕ ಬಾಡಿಗೆ ಮನೆ ಬಿಡುವ ವಿಷಯವನ್ನು ಅವನು ಮಾಲೀಕರಿಗೆ ತಿಳಿಸಿದ. ಮಾಲೀಕರು ಮನೆಗೆ ಬೇರೆಯವರನ್ನು ಗೊತ್ತುಮಾಡಿದರು.

ಹೊರಡುವ ಬೆಳಿಗ್ಗೆ ನರ್ಸಮ್ಮ ಬಂದು ಬಾಗಿಲಲ್ಲಿ ನಿಂತಳು.

"ಅಕ್ಕಾ, ಒಂದು ಮಾತೂ ಹೇಳದೆ ಹೊರಟುಬಿಟ್ರಾ?"

"ಯಾರಿಗೆ ಹೇಳ್ಲಿ? ಈ ಬಾಗಿಲು ತಟ್ಟಿ ಆರು ತಿಂಗಳಾಯ್ತಲ್ಲಮ್ಮ."

ನರ್ಸಮ್ಮ ಗೋಡೆ ನೋಡಿದಳು. "ನಾವೆಲ್ಲ ಸೇರಿ ಮಾತಾಡ್ಕೊಂಡಿದ್ವಿ ಅಕ್ಕ. ಏನು ಕೊಟ್ರೂ ನೀವು ಬೆರಳು ಚುಚ್ಕೊಂಡು ತೀರಿಸ್ತೀರ. ಅದಕ್ಕೇ ಏನೂ ಕೊಡೋದೇ ಬೇಡ ಅಂತ."

"ಬರಿಗೈಲಿ ಬಂದು ಕೂತು ಹೋಗಬಹುದಿತ್ತು."

"ಕೂತ್ರೆ ಕಾಫಿ ಮಾಡೋಕೆ ಏಳ್ತಿದ್ರಿ. ಪಾತ್ರೆ ಹಿಡಿಯೋಕೆ ಆಗಲ್ಲ ನಿಮಗೆ. ಬೇಡ ಅಂದ್ರೆ ಕೇಳೋರಾ ನೀವು?"

ಏಳುತ್ತಿರಲಿಲ್ಲ ಎಂದು ಅಕ್ಕ ಸುಳ್ಳು ಹೇಳುವಂತಿರಲಿಲ್ಲ. ಏಳುತ್ತಿದ್ದಳು. ಹೋಗಬೇಡಿ ಎನ್ನಲು ನರ್ಸಮ್ಮನಿಗೂ ದಾರಿಯಿರಲಿಲ್ಲ. ಹೊಸಬರ ಮಂಚ ಆಗಲೇ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು, ಎತ್ತು, ಓರೆ ಮಾಡು ಎಂಬ ಗದ್ದಲ ಮೇಲಕ್ಕೆ ಕೇಳುತ್ತಿತ್ತು.

ಮಂಚ ದಾಟಿದ ಮೇಲೆ ತಮ್ಮ ಕೆಳಗಿನಿಂದ ಕರೆದ. ನರ್ಸಮ್ಮ ಅಕ್ಕನ ತೋಳು ಹಿಡಿದಳು. ಬಿಡಮ್ಮ, ನಾನೇ ಇಳೀತೀನಿ ಎನ್ನಬೇಕೆನಿಸಿತು, ಆದರೆ ಮೊಣಕಾಲು ಒಪ್ಪಲಿಲ್ಲ. ಮೆಟ್ಟಿಲೆಲ್ಲ ಇಳಿಯುವಷ್ಟು ಹೊತ್ತೂ ಅಕ್ಕ, ಇದಕ್ಕೇನು ಕೊಡಲಿ, ಇದಕ್ಕೇನು ಕೊಡಲಿ ಎಂದು ಯೋಚಿಸುತ್ತಲೇ ಇದ್ದಳು. ಅಷ್ಟರಲ್ಲಿ ಬೀದಿ ಬಂದುಬಿಟ್ಟಿತು.