ಬಡಗಿಯ ಕುರ್ಚಿ

ಬೀದಿಗೊಬ್ಬ ಇಂಥವನು ಇದ್ದೇ ಇರುತ್ತಾನೆ; ಈ ಬೀದಿಗೆ ಬಡಗಿ. ಒಂದು ಮಂಚಕ್ಕೆ ಮೂರು ತಿಂಗಳು ಸತಾಯಿಸುವವನು ಚುನಾವಣೆಯ ದಿನ ಮಾತ್ರ ಕೋಳಿಗಿಂತ ಮೊದಲೇ ಎದ್ದಿರುತ್ತಾನೆ. ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲನ್ನೂ ತೆಗೆಯದೆ ಮನೆಮನೆಯ ಬಾಗಿಲು ತಟ್ಟಿ, "ಒಂದು ಕಾಲು ಗಿಡ್ಡ ಆದ್ರೂ ಮೇಜು ಅಲ್ಲಾಡುತ್ತೆ, ಏಳಿ ಏಳಿ" ಎನ್ನುತ್ತಾನೆ. ಜ್ವರ ಎಂದವರ ಹಣೆ ಮುಟ್ಟಿ ನೋಡುತ್ತಾನೆ. ಮೆಟ್ಟಿಲಿಳಿಯಲಾರದ ಮುದುಕರಿಗೆಂದು ಹಿಂದೆ ಮುಂದೆ ಹಿಡಿಗಳಿರುವ ಕುರ್ಚಿಯನ್ನೇ ಮಾಡಿಟ್ಟಿದ್ದಾನೆ; ಮುಂದಿನ ಹಿಡಿ ಅವನದು, ಹಿಂದಿನದು ತಮ್ಮನದು. ಹೋದ ಸಲ ಆ ತಮ್ಮನೇ ಚುನಾವಣೆಗೆ ನಿಂತ. ಮೂರನೇ ಮಹಡಿಯ ಅಜ್ಜಿ ಕುರ್ಚಿಯಲ್ಲಿ ಕೂರುವ ಮೊದಲೇ, "ನಿನ್ನ ತಮ್ಮನಿಗೆ ಹಾಕಲ್ಲ ಕಣಪ್ಪ, ಸುಮ್ಮನೆ ಸೊಂಟ ನೋಯಿಸ್ಕೋಬೇಡ" ಎಂದಳು. "ಹಾಕೋದು ನಿಮ್ಮಿಷ್ಟ ಅಜ್ಜಿ, ಇಳಿಸೋದು ನನ್ನ ಕೆಲಸ" ಎಂದ ಬಡಗಿ, ಹಿಂದಿನ ಹಿಡಿಯನ್ನು ಹೆಂಡತಿಗೆ ಕೊಟ್ಟು ಐವತ್ತನಾಲ್ಕು ಮೆಟ್ಟಿಲು ಇಳಿದ. ತಮ್ಮ ಮೂರೇ ಮತದಿಂದ ಸೋತ. ಅಣ್ಣ ಅಂದು ಇಳಿಸಿದ್ದು ಒಂಬತ್ತು ಜನರನ್ನು. ಅವತ್ತಿನಿಂದ ತಮ್ಮ ಮಾತು ಬಿಟ್ಟ. ಈ ಸಲದ ಚುನಾವಣೆಯ ಬೆಳಿಗ್ಗೆ ಅಜ್ಜಿಯನ್ನು ಕೂರಿಸಿಕೊಂಡು ಬಡಗಿ ಬಾಗಿದಾಗ, ಹಿಂದಿನ ಹಿಡಿ ಎಂದಿಗಿಂತ ಹಗುರವಾಗಿ ಮೇಲೆದ್ದಿತು. ತಿರುಗಿ ನೋಡಿದರೆ ತಮ್ಮ. "ಅತ್ತಿಗೆಗೆ ಸೊಂಟನೋವಂತೆ" ಎಂದು ಗೋಡೆಗೆ ಹೇಳಿದ. ಅಣ್ಣ ಮುಂದಿನ ಹಿಡಿ ಎತ್ತಿದ. ಅಜ್ಜಿಗೆ ತಡೆಯಲಾಗಲಿಲ್ಲ: "ಈ ಸಲ ಯಾರಿಗೆ ಹಾಕ್ತೀನಿ ಅಂತ ಕೇಳಲ್ವೇನೋ?" "ಮೊದಲು ಕಾಲು ಒಳಗಿಟ್ಕೊಳ್ಳಿ ಅಜ್ಜಿ" ಎಂದ ತಮ್ಮ, "ಮುಂದೆ ತಿರುವಿದೆ."